ಐಎಸ್ ಇಲ್ಲದ 400 ಎಂಎಂ: ನನ್ನ ಅನುಭವ

"ಐಎಸ್ ಇಲ್ಲದ ಲೆನ್ಸಾ? ಅದೂ ದೋಣಿ ಮೇಲಾ? ದುಡ್ಡು ಕಾವೇರಿಗೆ ಹಾಕ್ತಿದ್ದೀಯ ಬಿಡು" ಅಂತ ಹಕ್ಕಿ ಫೋಟೊ ತೆಗೆಯುವ ನಮ್ಮ ಗುಂಪಿನಲ್ಲಿ ಹೇಳದವರೇ ಇರಲಿಲ್ಲ. ಐಎಸ್ ಅಂದರೆ ಇಮೇಜ್ ಸ್ಟೆಬಿಲೈಸರ್, ಕೈ ನಡುಕದಿಂದ ಫೋಟೊ ಮಸುಕಾಗದಂತೆ ತಡೆಯುವ ಲೆನ್ಸಿನೊಳಗಿನ ವ್ಯವಸ್ಥೆ. ಈಗ ರಂಗನತಿಟ್ಟಿನ ನನ್ನ ರಿವರ್ ಟರ್ನ್ (ನೀರಿಗೆ ಧುಮುಕಿ ಮೀನು ಹಿಡಿಯುವ ಹಕ್ಕಿ) ಫೋಟೊ ನೋಡಿ ಅದೇ ಜನ ಸೆಟಿಂಗ್ ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಕೈಯಲ್ಲಿ ಇದ್ದದ್ದು ಸುಮಾರು 70 ಸಾವಿರ. ಅಷ್ಟಕ್ಕೆ ಹೊಸ ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ), ಅದರ ಜೊತೆಗೇ ಬರುವ ಎರಡು ಕಿಟ್ ಲೆನ್ಸ್, ಮೇಲೊಂದು ಬ್ಯಾಗು ಬರುತ್ತಿತ್ತು. ಹಕ್ಕಿ ತೆಗೆಯುವವನಿಗೆ ಅದರಿಂದ ಏನಾಗಬೇಕು? ಮೊದಲು ಲೆನ್ಸ್, ಮಿಕ್ಕ ದುಡ್ಡಿಗೆ ಬಾಡಿ ಅಂತ ಲೆಕ್ಕ ಹಾಕಿದೆ. ಸೆಕೆಂಡ್ ಹ್ಯಾಂಡ್ ಕ್ಯಾನನ್ 400 ಎಂಎಂ ಎಫ್ 5.6 ಎಲ್ 45 ಸಾವಿರದ ಹತ್ತಿರ ಬಿತ್ತು. ಹಳೇ ಕ್ಯಾನನ್ 7ಡಿ ಬಾಡಿ 20-22 ಸಾವಿರ ಇರಬೇಕು. ಲೆನ್ಸ್ 1993ರದ್ದು, ಬಾಡಿ 2009ರದ್ದು. ನಗೋವರು ನಕ್ಕರು.

ಅದಕ್ಕೂ ಮುಂಚೆ ಬೆಂಗಳೂರಿನ ಒಂದು ಅಂಗಡಿಯಲ್ಲಿ ಇದೇ ಲೆನ್ಸಿಗೆ 5 ಸಾವಿರ ಅಡ್ವಾನ್ಸ್ ಕೊಟ್ಟಿದ್ದೆ. "ಮಿಂಟ್ ಕಂಡೀಷನ್ ಸಾರ್" ಅಂದರು. ತಗೊಳ್ಳುವ ದಿನ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿದರೆ ಒಳಗಿನ ಗಾಜಿನ ಅಂಚಿನಲ್ಲಿ ಜೇಡರ ಬಲೆ ಹಾಗೆ ಫಂಗಸ್. ಲೆನ್ಸ್ ಬಿಟ್ಟು ಬಂದೆ. ಅಡ್ವಾನ್ಸ್ ಇವತ್ತಿಗೂ ವಾಪಸ್ ಬಂದಿಲ್ಲ. ಸಿಕ್ಕ ಲೆನ್ಸನ್ನು ಈಗ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ಡಬ್ಬಿಗೆ 200-300 ರೂಪಾಯಿ, ಅಷ್ಟೇ.

150-600 ಜೂಮ್ ಯಾಕೆ ಬೇಡ ಅಂದೆ? ಗೆಳೆಯರೊಬ್ಬರದ್ದನ್ನು ಒಂದು ಬೆಳಿಗ್ಗೆ ಪೂರ್ತಿ ಹಿಡಿದು ನೋಡಿದ್ದೆ. ಹೆಚ್ಚುಕಡಿಮೆ ಎರಡು ಕಿಲೊ. ಕೂತ ಹಕ್ಕಿಗೆ ತುಂಬಾ ಚೆನ್ನಾಗಿದೆ, ಸುಳ್ಳು ಹೇಳಲ್ಲ. ಆದರೆ ಹಾರುವ ಟರ್ನ್ ಹಿಂದೆ ಬೀಸುತ್ತಾ ಹೋದರೆ ಅರ್ಧ ಗಂಟೆಗೆ ಕೈ ಸೋತು ಹೋಗುತ್ತದೆ. ನನ್ನದು ಒಂದೂಕಾಲು ಕಿಲೊ. 7ಡಿಯ ಸೆನ್ಸರ್ ಚಿಕ್ಕದು, ಅದರ 1.6 ಪಟ್ಟು ಕ್ರಾಪ್ ಸೇರಿದರೆ 640 ಎಂಎಂ ಲೆನ್ಸಿನ ನೋಟ ಸಿಗುತ್ತದೆ. ಇನ್ನು ಐಎಸ್ ಹಿಡಿಯುವುದು ನಮ್ಮ ಕೈ ನಡುಕವನ್ನು, ಹಕ್ಕಿಯ ರೆಕ್ಕೆಯನ್ನಲ್ಲ. ಫೋಟೊದಲ್ಲಿ ರೆಕ್ಕೆ ನಿಲ್ಲಿಸೋಕೆ ಹೇಗೂ ಶಟರ್ ವೇಗ ಸೆಕೆಂಡಿನ 1/2000 ಬೇಕು. ಆ ವೇಗದಲ್ಲಿ ಕೈ ನಡುಕ ಲೆಕ್ಕಕ್ಕೇ ಬರಲ್ಲ, ಅಲ್ವಾ?

ಹೇಳೋಕೆ ಸುಲಭ. ಮೊದಮೊದಲು ತಂದದ್ದೆಲ್ಲ ಮಸುಕು. 7ಡಿಯಲ್ಲಿ ಗ್ರೇನ್ (ಫೋಟೊದಲ್ಲಿ ಕಾಣುವ ಕಾಳುಕಾಳು) ಜಾಸ್ತಿ ಅಂತ ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 400 ದಾಟಿಸುತ್ತಿರಲಿಲ್ಲ, ಬೆಳಗಿನ ಬೆಳಕಿಗೆ ಶಟರ್ 1/500 ಮೇಲೆ ಏರುತ್ತಿರಲಿಲ್ಲ. 1600ಕ್ಕೆ ಏರಿಸಿದೆ. ಗ್ರೇನ್ ಬಂತು, ರೆಕ್ಕೆಯೂ ನಿಂತಿತು. ಆದರೂ ಕಣ್ಣು ಚೂಪಾಗಲಿಲ್ಲ. ಲೆನ್ಸ್ ಮಾರಿಬಿಡು ಅಂದರು ಎಲ್ಲರೂ.

ಮಾರೋ ಬದಲು ತಾರಸಿಗೆ ಹೋದೆ. ಟ್ರೈಪಾಡಿನಿಂದ ಐದು ಮೀಟರ್ ದೂರದಲ್ಲಿ ಮರದ ಸ್ಕೇಲನ್ನು ಓರೆಯಾಗಿ ನಿಲ್ಲಿಸಿ 15ರ ಗೆರೆಗೆ ಫೋಕಸ್ ಮಾಡಿದೆ. ಚೂಪಾಗಿ ಬಂದದ್ದು ನನ್ನ ಕಡೆಗಿದ್ದ 13ರ ಗೆರೆ! ಇದೇ ಫ್ರಂಟ್ ಫೋಕಸ್, ಫೋಕಸ್ ಬೇಕಾದ ಜಾಗಕ್ಕಿಂತ ಮುಂದೆ ಬೀಳೋದು. ಅದನ್ನು ಸರಿಮಾಡೋಕೆ 7ಡಿಯಲ್ಲಿ ಮೈಕ್ರೊಅಡ್ಜಸ್ಟ್‌ಮೆಂಟ್ ಇದೆ, ಪ್ಲಸ್ 6ರ ಆಸುಪಾಸಿಗೆ ಕೂತಿತು. ದೂರದ ಬೋರ್ಡಿಗೂ ಹಿಡಿದು ಪಕ್ಕಾ ಮಾಡಿಕೊಂಡೆ. ಜೊತೆಗೆ ಲೆನ್ಸಿನ ಫೋಕಸ್ ದೂರದ ಸ್ವಿಚ್ಚನ್ನು 8.5 ಮೀಟರಿನಿಂದ ಆಚೆಗೆ ಹಾಕಿದೆ. ಆಮೇಲೆ ಫೋಕಸ್ ಹತ್ತಿರಕ್ಕೆ ಬಂದು ತಡಕಾಡೋದು ನಿಂತಿತು. ಮುಂದಿನ ಸಲ ಮೀನು ಕಚ್ಚಿಕೊಂಡ ಟರ್ನ್ ಸಿಕ್ಕಿತು, ಕೊಕ್ಕಿನಿಂದ ಉದುರುವ ಹನಿ ಸಮೇತ. ದೋಣಿಯಲ್ಲಿ ಯಾವ ಕಡೆ ಕೂರುತ್ತೇನೆ, ಟರ್ನ್ ಧುಮುಕೋ ಹೊತ್ತು ಮೊದಲೇ ಹೇಗೆ ಗೊತ್ತಾಗುತ್ತದೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ತೊಂದರೆ ಇಲ್ಲ ಅಂತಲ್ಲ. ಗೂಡು ಕಟ್ಟುವ ಕಾಲದಲ್ಲಿ ಬಣ್ಣದ ಕೊಕ್ಕರೆ ದೋಣಿಗೆ ಎಷ್ಟು ಹತ್ತಿರ ಅಂದರೆ ಫ್ರೇಮಿನಲ್ಲಿ ಕೊಕ್ಕೂ ಕಣ್ಣೂ ಮಾತ್ರ. "ಬೇರೆಯವ್ರು ಹತ್ರ ಹೋಗು ಅಂತಾರೆ, ನೀವೊಬ್ರೇ ಸಾರ್ ಹಿಂದಕ್ಕೆ ಹೋಗು ಅನ್ನೋದು" ಅಂತ ದೋಣಿಯವರು ಬೈದಿದ್ದಾರೆ. ಅದಕ್ಕೆ ಮನೆಯಲ್ಲಿದ್ದ ಇನ್ನೊಂದು ಹಳೇ ಕ್ಯಾಮೆರಾಕ್ಕೆ 55-250 ಲೆನ್ಸ್ ಸಿಕ್ಕಿಸಿ ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ.

ಸುಮ್ನೆ ಇರಲಾರದೆ ಲೆನ್ಸಿನ ಎಟುಕನ್ನು 1.4 ಪಟ್ಟು ಹಿಗ್ಗಿಸುವ 1.4 ಎಕ್ಸ್ ಕನ್ವರ್ಟರ್ ಒಂದನ್ನೂ ಕೇಳಿ ತಂದಿದ್ದೆ. ಅದು ಹಾಕಿದರೆ ಬೆಳಕು ಅರ್ಧಕ್ಕೆ ಇಳಿದು ಎಫ್ 5.6 ಹೋಗಿ ಎಫ್ 8 ಆಗಿಬಿಡುತ್ತದೆ, 7ಡಿಯ ಆಟೊಫೋಕಸ್ ಕೈಕೊಟ್ಟಿತು. ಸಂಜೆಯೇ ವಾಪಸ್. ಎಕ್ಸ್‌ಟೆನ್ಷನ್ ಟ್ಯೂಬ್ (ಬಾಡಿಗೂ ಲೆನ್ಸಿಗೂ ನಡುವೆ ಹಾಕುವ ಕೊಳವೆ) ಮಾತ್ರ ಲಾಭ. 25 ಎಂಎಂ ಟ್ಯೂಬ್ ಹಾಕಿದರೆ ಲೆನ್ಸಿನ ಮಿತಿಯಾದ ಮೂರೂವರೆ ಮೀಟರಿಗಿಂತ ಹತ್ತಿರಕ್ಕೂ ಫೋಕಸ್ ಆಗುತ್ತದೆ. ಚಿಟ್ಟೆ, ಏರೋಪ್ಲೇನ್ ಚಿಟ್ಟೆ ಹಾರಿಹೋಗದಷ್ಟು ದೂರದಿಂದಲೇ ತೆಗೆಯಬಹುದು. ಒಳಗೆ ಗಾಜೇ ಇಲ್ಲ, ಅಗ್ಗದ್ದೇ ಸಾಕು.

ಕಬಿನಿಗೆ ಚಿರತೆ ನೋಡೋಕೆ ಹೋಗುವವರು ಈ ಲೆನ್ಸನ್ನು ನಂಬಿ ಹೋಗಬೇಡಿ. ಮುಸ್ಸಂಜೆ ಮಂಕು ಬೆಳಕಲ್ಲಿ ಶಟರ್ 1/100ಕ್ಕೆ ಇಳಿದಾಗ ಐಎಸ್ ಬೇಕೇ ಬೇಕು. ನಾನೂ ಅಲ್ಲಿಗೆ ಐಎಸ್ ಇರುವ ಲೆನ್ಸನ್ನು ಬಾಡಿಗೆಗೆ ತಗೊಂಡು ಒಯ್ಯುತ್ತೇನೆ, ದಿನಕ್ಕೆ ಸಾವಿರದ ಆಸುಪಾಸು. ಡಿಪಾಸಿಟ್ ಬೇರೆ.