ಚಿತ್ತಾ ಜೋಡಿಯನ್ನು ತಾರಸಿಯಿಂದಲೇ ತೂಗಿದ ಬಗೆ

ಚಿತ್ತಾ ಮಳೆ ಸುರಿಯುವ ಅಕ್ಟೋಬರಿನಲ್ಲಿ ಸೂರ್ಯ ಚಿತ್ತಾ ನಕ್ಷತ್ರದ ಪಕ್ಕದಲ್ಲೇ ಇರುತ್ತಾನೆ, ಹಾಗಾಗಿ ಆಗ ನಕ್ಷತ್ರ ಕಾಣುವುದಿಲ್ಲ. ಅಳತೆಗೆ ಸಿಗುವುದು ಜನವರಿಯ ಮುಂಜಾವಿನಿಂದ ಮೇ ತಿಂಗಳ ಸಂಜೆಗಳವರೆಗೆ. ಸಪ್ತರ್ಷಿಯ ಬಾಲದ ಬಾಗನ್ನೇ ಹಿಡಿದು ಮುಂದೆ ಹೋದರೆ ಮೊದಲು ಕಿತ್ತಳೆ ಬಣ್ಣದ ಸ್ವಾತಿ, ಆಮೇಲೆ ನೀಲಿ-ಬಿಳಿ ಚಿತ್ತಾ. ಬೆಂಗಳೂರಿನಲ್ಲಿ ಅದು ದಕ್ಷಿಣಕ್ಕೆ ಸುಮಾರು 66 ಡಿಗ್ರಿ ಎತ್ತರಕ್ಕೆ ಏರುತ್ತದೆ.

ದೂರದರ್ಶಕದಲ್ಲಿ ಎಷ್ಟು ದೊಡ್ಡದು ಮಾಡಿ ನೋಡಿದರೂ ಒಂದೇ ಚುಕ್ಕಿ. ಅದು ಎರಡೆಂದು 1890ರಲ್ಲಿ ಜರ್ಮನ್ ಖಗೋಳಜ್ಞ ಫೋಗೆಲ್ ಕಂಡುಹಿಡಿದದ್ದು ರೋಹಿತದಿಂದ, ಅಂದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ಪಟ್ಟಿಯಿಂದ. ನಕ್ಷತ್ರ ನಮ್ಮತ್ತ ಬರುವಾಗ ಆ ಪಟ್ಟಿಯಲ್ಲಿನ ಕಪ್ಪು ಗೆರೆಗಳು ನೀಲಿಯ ಕಡೆಗೆ, ದೂರ ಹೋಗುವಾಗ ಕೆಂಪಿನ ಕಡೆಗೆ ಸರಿಯುತ್ತವೆ. ಆ ಸರಿತದಿಂದ ವೇಗ, ವೇಗದಿಂದ ತೂಕ ಸಿಗುತ್ತದೆ. ಸುಮಾರು 250 ಜ್ಯೋತಿರ್ವರ್ಷ ದೂರದಲ್ಲಿ ಎರಡು ಬಿಸಿ ನಕ್ಷತ್ರಗಳು ಒಂದನ್ನೊಂದು 4.0145 ದಿನಕ್ಕೊಮ್ಮೆ ಸುತ್ತುತ್ತವೆ. ನಡುವಿನ ಸರಾಸರಿ ಅಂತರ ಸುಮಾರು 2 ಕೋಟಿ ಕಿಲೋಮೀಟರ್, ಅಂದರೆ ಸೂರ್ಯನಿಂದ ಬುಧ ಇರುವ ದೂರದ ಮೂರನೇ ಒಂದು ಭಾಗ. ಈ ಜೋಡಿಯ ತೂಕವನ್ನು ಊರೊಳಗಿನ ತಾರಸಿಯಿಂದಲೇ ಅಳೆಯಬಹುದು. ಮೊದಲ ದರ್ಜೆಯ ಪ್ರಕಾಶವಿರುವ ನಕ್ಷತ್ರಕ್ಕೆ ಬೀದಿದೀಪದ ಬೆಳಕು ಅಡ್ಡಿಯೇ ಅಲ್ಲ. ರೋಹಿತ ತೆಗೆಯುವ ಉಪಕರಣದ ಬಾಗಿಲಲ್ಲಿರುವ ಕಿರಿದಾದ ಸೀಳು, ಸ್ಲಿಟ್, ಆಕಾಶದ ಹೊಳಪನ್ನು ಬಹುಪಾಲು ಹೊರಗೇ ನಿಲ್ಲಿಸುತ್ತದೆ, ಉಳಿದದ್ದು ಸಾಫ್ಟ್‌ವೇರಿನಲ್ಲಿ ಕಳೆದುಹೋಗುತ್ತದೆ. ಕಷ್ಟ ಇರುವುದು ಬೇರೆ ಕಡೆ.

ನಾನು ಬಳಸುವುದು 8 ಇಂಚಿನ, ಎಫ್/10 ಶ್ಮಿಟ್-ಕ್ಯಾಸೆಗ್ರೇನ್ ದೂರದರ್ಶಕ. ಅದರ ಹಿಂದೆ ರೋಹಿತ ತೆಗೆಯುವ ಲಿಟ್ರೋ ಮಾದರಿಯ ಸ್ಪೆಕ್ಟ್ರೋಗ್ರಾಫ್: ಬೆಳಕನ್ನು ಬಿಡಿಸಲು ಮಿಲಿಮೀಟರಿಗೆ 2400 ಗೆರೆಗಳ ಗ್ರೇಟಿಂಗ್, 200 ಮಿ.ಮೀ. ಲೆನ್ಸ್, 23 ಮೈಕ್ರಾನ್ ಸ್ಲಿಟ್. 2.4 ಮೈಕ್ರಾನ್ ಪಿಕ್ಸೆಲ್‌ನ ಕಪ್ಪು-ಬಿಳುಪು ಕ್ಯಾಮೆರಾವನ್ನು 2×2 ಬಿನ್ ಮಾಡಿದರೆ (ನಾಲ್ಕು ಪಿಕ್ಸೆಲ್ ಸೇರಿಸಿ ಒಂದಾಗಿಸಿದರೆ) ಒಂದು ಪಿಕ್ಸೆಲ್‌ಗೆ ಸುಮಾರು 0.06 ಆಂಗ್‌ಸ್ಟ್ರಾಂ (ತರಂಗಾಂತರದ ಮಾನ, ನ್ಯಾನೋಮೀಟರಿನ ಹತ್ತನೇ ಒಂದು ಭಾಗ), ಅಂದರೆ ಸೆಕೆಂಡಿಗೆ 2.7 ಕಿ.ಮೀ. ವೇಗ. ಕ್ಯಾಮೆರಾದ ಮೂತಿಗೆ ಫಿಲ್ಟರಿನಂತೆ ತಿರುಗಿಸಿ ಹಾಕುವ 100 ಗೆರೆಯ ಅಗ್ಗದ ಗ್ರೇಟಿಂಗ್ ಇದಕ್ಕೆ ಸಾಲದು. ಅದು ಬಿಡಿಸಿ ತೋರಿಸುವುದು ಸೆಕೆಂಡಿಗೆ ಸಾವಿರಾರು ಕಿ.ಮೀ. ವ್ಯತ್ಯಾಸವನ್ನಷ್ಟೇ. ನಮಗೆ ಬೇಕಾದದ್ದು ನೂರರ ಲೆಕ್ಕದಲ್ಲಿ.

ಯಾವ ಗೆರೆಯನ್ನು ಅಳೆಯಬೇಕು? ಹೊಸಬರೆಲ್ಲ ಹೈಡ್ರೋಜನ್ ಆಲ್ಫಾಗೆ ಹೋಗುತ್ತಾರೆ. ಇಲ್ಲಿ ಅದು ಬೇಡ. ಬಿಸಿ ನಕ್ಷತ್ರದಲ್ಲಿ ಆ ಗೆರೆ ಅಗಲವಾಗಿ ಹರಡಿಕೊಂಡಿರುತ್ತದೆ, ಮೇಲಾಗಿ ಅದರ ಸುತ್ತ ನಮ್ಮದೇ ಗಾಳಿಯ ನೀರಾವಿಯ ಗೆರೆಗಳು ಚುಚ್ಚಿಕೊಂಡಿರುತ್ತವೆ. ಏಪ್ರಿಲ್ ಸಂಜೆ ಮಳೆ ಬಂದು ನಿಂತ ಮೇಲಂತೂ ಅವು ಇನ್ನೂ ಆಳ. ಹೀಲಿಯಂನ 6678.15 ಆಂಗ್‌ಸ್ಟ್ರಾಂ ಗೆರೆ ಚೊಕ್ಕಟ. ಅದಕ್ಕೆ ಇನ್ನೊಂದು ಅನುಕೂಲವೂ ಇದೆ: ಅಳತೆಗೋಲಾಗಿ ಬಳಸುವ ನಿಯಾನ್ ದೀಪದ ಒಂದು ಗೆರೆ 6678.28ರಲ್ಲಿ, ಹೆಚ್ಚು ಕಡಿಮೆ ಅಲ್ಲೇ ಬೀಳುತ್ತದೆ. ಅತ್ತಿತ್ತ 6598.95 ಮತ್ತು 6717.04ರ ನಿಯಾನ್ ಗೆರೆಗಳೂ ಅದೇ ಚೌಕಟ್ಟಿನಲ್ಲಿ ಸಿಗುವುದರಿಂದ ತರಂಗಾಂತರದ ಅಳತೆಗೋಲು ಗಟ್ಟಿಯಾಗಿ ನಿಲ್ಲುತ್ತದೆ.

ರಾತ್ರಿಯ ಕೆಲಸ ಸರಳ. 60 ಸೆಕೆಂಡಿನ 10 ಫ್ರೇಮ್, ಹಿಂದೆ ಒಂದು ನಿಯಾನ್, ಮುಂದೆ ಒಂದು ನಿಯಾನ್. ಒಟ್ಟು 20 ನಿಮಿಷ ಮೀರಬಾರದು, ಏಕೆಂದರೆ ಅಷ್ಟರಲ್ಲೇ ದೊಡ್ಡ ನಕ್ಷತ್ರದ ವೇಗ ಸೆಕೆಂಡಿಗೆ 2–3 ಕಿ.ಮೀ., ಚಿಕ್ಕದರದ್ದು 4 ಕಿ.ಮೀ. ಬದಲಾಗಬಹುದು. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ಹತ್ತರವರೆಗೂ ಬಿಸಿ ಬಿಡುತ್ತಿರುತ್ತದೆ. ಆಗ ನಕ್ಷತ್ರ ಕುಣಿದು ಸ್ಲಿಟ್‌ನಿಂದ ಹೊರಗೆ ಚೆಲ್ಲುತ್ತದೆ, ಉಪಕರಣ ತಣ್ಣಗಾಗುತ್ತಾ ಗೆರೆಗಳೂ ನಿಧಾನವಾಗಿ ಸರಿಯುತ್ತವೆ. ಒಂದೇ ನಿಯಾನ್ ನಂಬಿದರೆ ಆ ಸರಿತವೆಲ್ಲ ನಕ್ಷತ್ರದ ವೇಗವಾಗಿ ಲೆಕ್ಕಕ್ಕೆ ಸೇರಿಬಿಡುತ್ತದೆ. ಟ್ರೈಪಾಡನ್ನು ಓವರ್‌ಹೆಡ್ ಟ್ಯಾಂಕಿನಿಂದ ದೂರ ಇಡಿ, ನೀರು ಬೀಳುವಾಗ ಆಗುವ ಅದುರು ನಕ್ಷತ್ರವನ್ನು ಸ್ಲಿಟ್ ಮೇಲೆ ಹಿಡಿದಿಡುವ ಗೈಡಿಂಗ್‌ನ ಗ್ರಾಫಿನಲ್ಲಿ ಕಾಣುತ್ತದೆ.

ಪ್ರತಿ ರಾತ್ರಿ ಸ್ವಾತಿಯನ್ನೂ ಒಮ್ಮೆ ತೆಗೆಯುವುದನ್ನು ತಪ್ಪಿಸಬೇಡಿ. ಅದರಲ್ಲಿ ಕಬ್ಬಿಣದ 6677.99ರ ಗೆರೆ ಇದೆ, ಮತ್ತು ಸ್ವಾತಿಯ ವೇಗ ಸೆಕೆಂಡಿಗೆ ಸುಮಾರು −5 ಕಿ.ಮೀ. (ಋಣಚಿಹ್ನೆ ಎಂದರೆ ನಮ್ಮತ್ತ) ಎಂದು ಚೆನ್ನಾಗಿ ಗೊತ್ತು. ನಿಮ್ಮ ಲೆಕ್ಕ ಆ ಸಂಖ್ಯೆಗೆ 2 ಕಿ.ಮೀ. ಒಳಗೆ ಬಾರದಿದ್ದರೆ ಆ ರಾತ್ರಿಯ ಚಿತ್ತಾ ಅಳತೆಯನ್ನು ಪಕ್ಕಕ್ಕಿಡಿ.

ಭೂಮಿಯ ಓಟವನ್ನು ಕಳೆಯುವುದು ಕಡ್ಡಾಯ. ಚಿತ್ತಾ ಕ್ರಾಂತಿವೃತ್ತದಿಂದ (ಆಕಾಶದಲ್ಲಿ ಸೂರ್ಯನ ವಾರ್ಷಿಕ ದಾರಿಯಿಂದ) ಬರೀ 2 ಡಿಗ್ರಿ ದಕ್ಷಿಣಕ್ಕಿರುವುದರಿಂದ ಭೂಮಿಯ ವೇಗ ಹೆಚ್ಚು ಕಡಿಮೆ ಪೂರ್ತಿಯಾಗಿ ಬಡಿಯುತ್ತದೆ. ಜನವರಿ ಮಧ್ಯದಲ್ಲಿ ತಿದ್ದುಪಡಿ +29 ಕಿ.ಮೀ. ಹತ್ತಿರ, ಏಪ್ರಿಲ್ ಮಧ್ಯದಲ್ಲಿ ಸೊನ್ನೆ, ಮೇ ಕೊನೆಗೆ ಸುಮಾರು −20.

ಇನ್ನು ನಿಜವಾದ ತೊಡಕು, ಅವಧಿ. ನಾಲ್ಕು ದಿನಕ್ಕೆ ಇಷ್ಟು ಹತ್ತಿರ ಇರುವುದರಿಂದ ದಿನಾ ರಾತ್ರಿ 11ಕ್ಕೇ ಅಳೆದರೆ ಕಕ್ಷೆಯ ನಾಲ್ಕೇ ಜಾಗಗಳು ಮತ್ತೆ ಮತ್ತೆ ಸಿಗುತ್ತವೆ, ನಡುವೆಲ್ಲ ಖಾಲಿ. ಎರಡು ವಾರ ಸತತ ಅಳೆದರೂ ರೇಖೆ ಮೂಡುವುದಿಲ್ಲ. ಆದರೆ ಪ್ರತಿ ಸುತ್ತಿಗೆ 21 ನಿಮಿಷದ ಜಾರು ಇದೆ. ಜನವರಿಯಲ್ಲಿ ಬೆಳಗಿನ 5ಕ್ಕೆ ಶುರುಮಾಡಿ ಮೇ ತಿಂಗಳಲ್ಲಿ ರಾತ್ರಿ 8ಕ್ಕೆ ಮುಗಿಸಿದರೆ, ಗಡಿಯಾರದ 9 ಗಂಟೆ ಮತ್ತು ಜಾರಿನ 11 ಗಂಟೆ ಎರಡೂ ಒಂದೇ ದಿಕ್ಕಿಗೆ ಕೂಡಿ, ಆ ಜಾಗಗಳ ನಡುವಿನ 24 ಗಂಟೆಯ ಕಂದಕದಲ್ಲಿ 20 ಗಂಟೆ ತುಂಬುತ್ತದೆ. ಉಳಿದ ನಾಲ್ಕು ಗಂಟೆಗೆ ಕೆಲವು ರಾತ್ರಿ ಎರಡು ಸಲ, ಬೇಗ ಒಮ್ಮೆ ತಡವಾಗಿ ಒಮ್ಮೆ, ಅಳೆಯಬೇಕು. ಇಡೀ ಋತುವಿನಲ್ಲಿ ಹರಡಿದ 20–25 ರಾತ್ರಿ ಸಾಕು.

ಗೆರೆಗಳನ್ನು ಬಿಡಿಸುವಾಗ ತಾಳ್ಮೆ ಬೇಕು. ದೊಡ್ಡ ನಕ್ಷತ್ರ ಬಿರುಸಾಗಿ ತಿರುಗುವುದರಿಂದ ಅದರ ಗೆರೆ ಸುಮಾರು 6 ಆಂಗ್‌ಸ್ಟ್ರಾಂ ಅಗಲ. ಒಟ್ಟು ಬೆಳಕಿನಲ್ಲಿ ಚಿಕ್ಕದರ ಪಾಲು ಏಳರಲ್ಲಿ ಒಂದರಷ್ಟೇ ಇರುವುದರಿಂದ ಅದರದ್ದು ತೆಳ್ಳನೆಯ, ಇಳಿವು ಕಡಿಮೆ ಇರುವ ಗೆರೆ. ಗೆರೆಗಳಿಗೆ ಎರಡು ಗಾಸಿಯನ್‌ಗಳನ್ನು (ಗಂಟೆಯಾಕಾರದ ವಕ್ರರೇಖೆಗಳನ್ನು) ಹೊಂದಿಸುವಾಗ ಅಗಲಗಳನ್ನು ಸ್ವತಂತ್ರವಾಗಿ ಬಿಟ್ಟರೆ ಚಿಕ್ಕದು ದೊಡ್ಡದರೊಳಗೆ ಕರಗಿಹೋಗುತ್ತದೆ. ಗೆರೆಗಳು ಅತಿ ದೂರ ಸರಿದ ರಾತ್ರಿಯಲ್ಲಿ, ಆಗ ಅಂತರ ಸುಮಾರು 7 ಆಂಗ್‌ಸ್ಟ್ರಾಂ, ಅಗಲಗಳನ್ನು ಗೊತ್ತುಮಾಡಿಕೊಂಡು ಮಿಕ್ಕ ರಾತ್ರಿಗಳಿಗೆ ಅದನ್ನೇ ಕಟ್ಟಿಹಾಕಿ. ಎರಡೂ ಒಂದರ ಮೇಲೊಂದು ಬಿದ್ದ ರಾತ್ರಿಗಳಿಂದ ಚಿಕ್ಕದರ ವೇಗ ತೆಗೆಯಲು ಹೋಗಲೇಬೇಡಿ. ದೊಡ್ಡದರ ಮೈಯೂ ಮಿಡಿಯುತ್ತಿರುತ್ತದೆ, ಅದರ ಗೆರೆಯ ತಳದಲ್ಲಿ ಸಣ್ಣ ಉಬ್ಬುಗಳು ಸರಿದಾಡುತ್ತವೆ. ಆದ್ದರಿಂದ ಸೆಕೆಂಡಿಗೆ ಕೆಲವು ಕಿ.ಮೀ. ಚದುರುವಿಕೆ ಉಳಿದರೆ ಅದು ನಿಮ್ಮ ಉಪಕರಣದ ತಪ್ಪೇ ಆಗಬೇಕಿಲ್ಲ.

ವೇಗದ ರೇಖೆ ಹೊಂದಿಸುವಾಗ ಹಳೆಯ ಪ್ರಬಂಧದ ಕಕ್ಷಾಕೋನವನ್ನು, ಅಂದರೆ ಉದ್ದುದ್ದನೆಯ ಕಕ್ಷೆ ಯಾವ ಕಡೆಗೆ ತಿರುಗಿದೆ ಎಂಬ ಸಂಖ್ಯೆಯನ್ನು, ಹಾಗೇ ಎತ್ತಿಕೊಳ್ಳಬಾರದು. ಇವೆರಡೂ ಒಂದನ್ನೊಂದು ಸೆಳೆದು ಮೊಟ್ಟೆಯಾಕಾರಕ್ಕೆ ತಂದುಕೊಂಡಿರುವುದರಿಂದ ಕಕ್ಷೆಯೇ ವರ್ಷಕ್ಕೆ ಸುಮಾರು 3 ಡಿಗ್ರಿ ತಿರುಗುತ್ತದೆ. ಐವತ್ತು ವರ್ಷ ಹಳೆಯ ಸಂಖ್ಯೆ 150 ಡಿಗ್ರಿ ತಪ್ಪಾಗಿರುತ್ತದೆ.

ಈಗ ತೂಕ. ವೇಗದ ಅರ್ಧ ಏರಿಳಿತ ದೊಡ್ಡದಕ್ಕೆ ಸೆಕೆಂಡಿಗೆ ಸುಮಾರು 120 ಕಿ.ಮೀ., ಚಿಕ್ಕದಕ್ಕೆ 190. ಇದರಿಂದಲೇ ಮೊದಲನೆಯದು ಎರಡನೆಯದಕ್ಕಿಂತ 190/120, ಅಂದರೆ 1.6 ಪಟ್ಟು ಭಾರ. ಎರಡು ವೇಗಗಳನ್ನೂ ಕೂಡಿಸಿ ಘನ ಮಾಡಿ, ದಿನಗಳಲ್ಲಿರುವ ಅವಧಿಯಿಂದ ಮತ್ತು 1.036×10⁻⁷ರಿಂದ ಗುಣಿಸಿ, ಕಕ್ಷೆಯ 0.13 ಉತ್ಕೇಂದ್ರತೆಗೆ (ವೃತ್ತದಿಂದ ಎಷ್ಟು ಚಪ್ಪಟೆ ಎಂಬುದಕ್ಕೆ) 0.974ರಿಂದ ತಗ್ಗಿಸಿದರೆ ಎರಡೂ ಸೇರಿ 12 ಸೂರ್ಯರ ತೂಕ ಬರುತ್ತದೆ. ಇದು ಪೂರ್ತಿ ತೂಕವಲ್ಲ, ಕಕ್ಷೆ ನಮ್ಮ ನೋಟಕ್ಕೆ ಎಷ್ಟು ಓರೆಯಾಗಿದೆ ಎಂಬ ಕೋನದ ಸೈನ್‌ನ ಘನದಿಂದ ಇನ್ನೂ ಭಾಗಿಸಬೇಕು. ಆ ಓರೆ ರೋಹಿತದಲ್ಲಿ ಸಿಗದು. ಆಸ್ಟ್ರೇಲಿಯಾದ ನ್ಯಾರಬ್ರಿಯ ಇಂಟರ್ಫೆರೋಮೀಟರ್ (ದೂರ ದೂರದ ದೂರದರ್ಶಕಗಳನ್ನು ಜೋಡಿಸಿ ಅತಿ ಸಣ್ಣ ಕೋನ ಅಳೆಯುವ ಉಪಕರಣ) 1971ರಲ್ಲಿ ಸುಮಾರು 66 ಡಿಗ್ರಿ ಎಂದಿತು, ಈಚಿನ ಲೆಕ್ಕ 63. 63 ಇಟ್ಟರೆ 10.4 ಮತ್ತು 6.6 ಸೂರ್ಯರಾಶಿ. ಪ್ರಕಟಿತ 11.4 ಮತ್ತು 7.2ಕ್ಕೆ ಇದು ಆ ಅಳತೆಗಳ ದೋಷಮಿತಿಯೊಳಗೇ ಇದೆ. ವೇಗ ಘನವಾಗುವುದನ್ನು ಮರೆಯಬೇಡಿ: ಅಲ್ಲಿ 3 ಶೇಕಡಾ ತಪ್ಪಿದರೆ ತೂಕದಲ್ಲಿ 9 ಶೇಕಡಾ ತಪ್ಪುತ್ತದೆ.

ಬಣ್ಣಕ್ಕೆ ಕಾರಣವೂ ಸಂಖ್ಯೆಗಳಲ್ಲಿದೆ. ದೊಡ್ಡದರ ಮೇಲ್ಮೈ 25,300 ಕೆಲ್ವಿನ್, ಅದರ ಬೆಳಕಿನ ಶಿಖರ 115 ನ್ಯಾನೋಮೀಟರಿನಲ್ಲಿ, ನೇರಳಾತೀತದ ಆಳದಲ್ಲಿ. ಕಣ್ಣಿಗೆ ತಲುಪುವುದು ಅದರ ಬಾಲ ಮಾತ್ರ, ಅದು ನೀಲಿಯ ಕಡೆ ವಾಲಿರುತ್ತದೆ. ತ್ರಿಜ್ಯ ಸೂರ್ಯನ 7.5 ಪಟ್ಟು, ಹೊಳಪು 20,000 ಪಟ್ಟಿಗೂ ಹೆಚ್ಚು. ಚಿಕ್ಕದು 20,900 ಕೆಲ್ವಿನ್, 3.7 ಪಟ್ಟು ತ್ರಿಜ್ಯ, ಸುಮಾರು 2,400 ಸೂರ್ಯರ ಹೊಳಪು. ನಡುವಿನ ಅಂತರ 28 ಸೂರ್ಯತ್ರಿಜ್ಯವಾದರೆ ಇಬ್ಬರ ಮೈಗೇ 11 ಹೋಗುತ್ತದೆ, ನಡುವೆ ಉಳಿಯುವ ಬಯಲು 17.