ಹಳೇ ಆಟೋ ಬ್ಯಾಟರಿಯಿಂದ ಮನೆಗೆ ರಾತ್ರಿ ಕರೆಂಟ್

ತಿಪಟೂರು ಕಡೆ ಬಿಸಿಲಿಗೆ ಬರವಿಲ್ಲ. ಮನೆ ಮೇಲೆ ಸೋಲಾರ್ ಪ್ಯಾನೆಲ್ ಇದ್ದರೂ ರಾತ್ರಿಗೆ ಕರೆಂಟ್ ಉಳಿಸುವುದೇ ನಮ್ಮ ಕಷ್ಟವಾಗಿತ್ತು. ಹಳೇ ಟ್ಯೂಬುಲರ್ ಬ್ಯಾಟರಿ ಕೈಕೊಟ್ಟಾಗ, ಎಲೆಕ್ಟ್ರಿಕ್ ಆಟೋದಿಂದ ಬಿಚ್ಚಿದ 16 ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ ತಂದೆ. ಹೊಸದರಲ್ಲಿ ಒಂದೊಂದೂ 3.2 ವೋಲ್ಟ್, 100 ಎಎಚ್ (ಆಂಪ್-ಅವರ್, ಅಂದರೆ ಎಷ್ಟು ಆಂಪ್ ಎಷ್ಟು ಗಂಟೆ ಕೊಡುತ್ತದೆ ಅನ್ನುವ ಅಳತೆ). ಓಡುವ ದೂರ ಕಡಿಮೆಯಾದರೆ ಆಟೋದವರಿಗೆ ಅದು ಬೇಡ. ಮನೆಯಲ್ಲಿ ಅದು ಏರು ಹತ್ತಬೇಕಾ, ಜನರನ್ನು ಹೊರಬೇಕಾ?

ಮೊದಲು ಮಲ್ಟಿಮೀಟರ್ ಇಟ್ಟು ನೋಡಿದೆ. ಹದಿನಾರೂ 3.29 ವೋಲ್ಟ್. ಎಲ್ಲವೂ ಚೆನ್ನಾಗಿವೆ ಅಂದುಕೊಂಡು ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ ಬರುವಂತೆ ಸಾಲಾಗಿ (ಸೀರೀಸ್) ಜೋಡಿಸಿಬಿಟ್ಟೆ. ಬೆಳಗಿನವರೆಗೆ ಬರಬೇಕಿದ್ದ ಕರೆಂಟನ್ನು ರಾತ್ರಿ ಹತ್ತಕ್ಕೇ ಬಿಎಂಎಸ್ (ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್) ಕಡಿದು ಹಾಕಿತು. ನೋಡಿದರೆ ಒಂದೇ ಒಂದು ಸೆಲ್ 2.5 ವೋಲ್ಟ್‌ಗೆ ಇಳಿದಿತ್ತು, ಮಿಕ್ಕವು ಆರಾಮಾಗಿದ್ದವು. ಎಲ್‌ಎಫ್‌ಪಿ ಗುಣವೇ ಹಾಗೆ. ಅರ್ಧಕ್ಕಿಂತ ಜಾಸ್ತಿ ಖಾಲಿಯಾದರೂ ವೋಲ್ಟೇಜ್ ಅಲ್ಲಾಡುವುದೇ ಇಲ್ಲ. ಒಳಗೆ ಎಷ್ಟು ಹಿಡಿಯುತ್ತದೆ ಅನ್ನುವುದನ್ನಂತೂ ಅದು ಹೇಳುವುದೇ ಇಲ್ಲ. ಸಾಲಿನಲ್ಲಿ ಸೋತ ಸೆಲ್ ಎಷ್ಟು ಕೊಡುತ್ತದೋ ಇಡೀ ಬ್ಯಾಟರಿ ಕೊಡುವುದೂ ಅಷ್ಟೇ.

ಎಲ್ಲ ಬಿಚ್ಚಿದೆ. ಒಂದು ಸೆಲ್ಲನ್ನು 3.65 ವೋಲ್ಟ್‌ವರೆಗೆ ತುಂಬಿಸುವುದು, 20 ಆಂಪ್ ಎಳೆಯುತ್ತಾ 2.5ಕ್ಕೆ ಇಳಿಸುವುದು, ಎಷ್ಟು ಹೊತ್ತು ಬಂತು ಅಂತ ಬರೆದಿಡುವುದು. ಮೂರೂವರೆ ಗಂಟೆ ಬಂದರೆ 70 ಎಎಚ್. ದಿನಕ್ಕೊಂದೇ ಸೆಲ್ ಮುಗಿಯುತ್ತಿತ್ತು. ಹದಿನೈದು ಸೆಲ್ 72ರಿಂದ 81 ಕೊಟ್ಟವು. ಸೋತಿದ್ದು ಬರೀ 41! ಅದರ ಬದಲಿಗೆ ಅಳೆದು ನೋಡಿದ ಇನ್ನೊಂದನ್ನು ಹಾಕಿದೆ. ಎಲ್ಲವೂ ಒಂದೇ ಮಟ್ಟಕ್ಕೆ ಬರಲಿ ಅಂತ ಮತ್ತೆ ಹದಿನಾರನ್ನೂ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿ (ಪ್ಯಾರಲಲ್) ಒಟ್ಟಿಗೆ ತುಂಬಿಸಿ, ಆಮೇಲೆ ಸೀರೀಸ್ ಮಾಡಿದೆ.

ಲೆಕ್ಕಕ್ಕೆ 51.2 ವೋಲ್ಟ್, 72 ಎಎಚ್, ಅಂದರೆ ಸುಮಾರು 3.7 ಯೂನಿಟ್. ನಾನು ಪೂರ್ತಿ ಹಿಂಡುವುದಿಲ್ಲ. ಚಾರ್ಜ್ 55.2 ವೋಲ್ಟ್‌ಗೆ ನಿಲ್ಲಿಸುತ್ತೇನೆ, ಮೂರು ಯೂನಿಟ್ ಹತ್ತಿರ ಬಳಸುತ್ತೇನೆ. ಫ್ರಿಜ್, ಮೂರು ಫ್ಯಾನ್, ಲೈಟು ಬೆಳಗಿನವರೆಗೆ ನಡೆಯುತ್ತವೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಈ ಸೆಲ್‌ಗಳ ಮೇಲೆ ಸ್ಪ್ಯಾನರ್ ಅಡ್ಡ ಬಿದ್ದರೆ ಕಬ್ಬಿಣವೇ ಕೆಂಪಗಾಗುತ್ತದೆ. ಸ್ಪ್ಯಾನರ್‌ಗೆ ಟೇಪ್ ಸುತ್ತಿ, ಉಂಗುರ, ವಾಚ್ ತೆಗೆದಿಟ್ಟು ಕೂರಿ. ಬ್ಯಾಟರಿ ಪಕ್ಕದಲ್ಲೇ ಡಿಸಿ ಫ್ಯೂಸ್ ಇರಲಿ, ಎಸಿಯದ್ದು ಬೇಡ. ಉಬ್ಬಿದ ಸೆಲ್ ಸುಮ್ನೆ ಕೊಟ್ಟರೂ ತರಬೇಡಿ. ನಮ್ಮದು ಮನೆಯೊಳಗಿಲ್ಲ, ಹಿತ್ತಲಿನ ಗೋಡೆಗೆ ನೆರಳಲ್ಲಿದೆ.

ಈಗ ನಮ್ಮ ಭಾವನೂ ಇಪ್ಪತ್ತು ಸೆಲ್ ತಂದಿದ್ದಾರೆ. ಹೋದ ವಾರ ನಾನು ಸೆಲ್ ಅಳೆದ ಟೆಸ್ಟರ್ ಒಯ್ದರು. ಒಂಬತ್ತು ಅಳೆದಾಗಿದೆಯಂತೆ.