ಗೊರಕೆಗೆ ಹಲ್ಲಿನ ಪಟ್ಟಿ: ಹಾಕಿಸಿಕೊಳ್ಳುವ ಮುನ್ನ, ಹಾಕಿಸಿಕೊಂಡ ಮೇಲೆ

ಕೋಲಾರದ ಎಪಿಎಂಸಿಯಿಂದ ರಾತ್ರಿ ಟೊಮೆಟೊ ತುಂಬಿಕೊಂಡು ಚೆನ್ನೈ ಕಡೆ ಹೊರಡುವ ಲಾರಿ ಚಾಲಕರೊಬ್ಬರು ಹಲ್ಲುನೋವೆಂದು ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ಕುರ್ಚಿ ಹಿಂದಕ್ಕೆ ಒರಗಿಸಿ, ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಕೈ ತೊಳೆದು ಬರುವಷ್ಟರಲ್ಲಿ ಗೊರಕೆ ಶುರು. ಮೂರು ಸಲ ಜೋರಾಗಿ ಹೊಡೆದು ಆಮೇಲೆ ನಿಶ್ಶಬ್ದ. ಎದೆ ಎದ್ದು ಬೀಳುತ್ತಿದೆ, ಮೂಗಿನ ಬಳಿ ಗಾಳಿಯೇ ಇಲ್ಲ. ಗೋಡೆ ಗಡಿಯಾರ ನೋಡಿದೆ: ಹದಿನೆಂಟು ಸೆಕೆಂಡು. ಬಾವಿಯಲ್ಲಿ ಮುಳುಗಿ ಎದ್ದವರ ಹಾಗೆ ಗಕ್ಕನೆ ಉಸಿರೆಳೆದು ಕಣ್ಣುಬಿಟ್ಟವರು, “ನಿದ್ದೆ ಒಂದು ಚೆನ್ನಾಗಿದೆ ಡಾಕ್ಟ್ರೇ, ಎಲ್ಲಿ ಕೂತ್ರೂ ಬರ್ತದೆ” ಅಂದರು. ಸ್ಟೇರಿಂಗ್ ಹಿಡಿದಾಗಲೂ ಬರುತ್ತದೆಯೇ ಎಂದು ಕೇಳಿದೆ. ಉತ್ತರ ಕೊಡಲಿಲ್ಲ.

ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾಗಿ ನಾಲಿಗೆಯ ಬುಡ ಹಿಂದಕ್ಕೆ ಜಾರುತ್ತದೆ. ಕಿರಿದಾದ ದಾರಿಯಲ್ಲಿ ಗಾಳಿ ನುಗ್ಗುವಾಗ ಬಾಯಿಯ ಮೇಲ್ಛಾವಣಿಯ ಹಿಂಭಾಗದ ಮೆದು ಅಂಗುಳ ಅದುರುವುದೇ ಗೊರಕೆ. ದಾರಿ ಮುಚ್ಚಿಹೋಗಿ ಉಸಿರು 10 ಸೆಕೆಂಡಾದರೂ ನಿಂತರೆ ಅದು ಸ್ಲೀಪ್ ಆಪ್ನಿಯ. ನಾಲಿಗೆ ಎಂಬುದು ಕೆಳದವಡೆಯ ಗೂಟಕ್ಕೆ ಕಟ್ಟಿದ ಕರು. ಗೂಟವನ್ನು ಮುಂದೆ ನೆಟ್ಟರೆ ಕರುವೂ ಮುಂದೆ ಬರುತ್ತದೆ. ಮಲಗುವಾಗ ಮೇಲಿನ, ಕೆಳಗಿನ ಹಲ್ಲುಗಳಿಗೆ ಹಾಕಿಕೊಳ್ಳುವ ಹಲ್ಲಿನ ಪಟ್ಟಿಯ ಕೆಲಸ ಇಷ್ಟೇ. ಬೇಕಾದರೆ ಈಗಲೇ ಕೆಳದವಡೆಯನ್ನು ಮುಂದೆ ಚಾಚಿ ಗೊರಕೆಯ ಸದ್ದು ಹೊರಡಿಸಿ ನೋಡಿ. ಬಹಳ ಜನಕ್ಕೆ ಆಗುವುದಿಲ್ಲ.

ಮೊದಲು ಪರೀಕ್ಷೆ, ಆಮೇಲೆ ಪಟ್ಟಿ

ಆಪ್ನಿಯ ಇದೆ ಎಂದು ಹೇಳುವುದು ದಂತವೈದ್ಯರ ಕೆಲಸವಲ್ಲ. ಇಎನ್‌ಟಿ ಅಥವಾ ಶ್ವಾಸಕೋಶ ತಜ್ಞರ ಬಳಿ ಹೋಗಿ. ಹೋಗುವಾಗ ಮನೆಯವರು ಮೊಬೈಲಿನಲ್ಲಿ ತೆಗೆದ ಐದು ನಿಮಿಷದ ವಿಡಿಯೊ ಒಯ್ಯಿರಿ. ಕುತ್ತಿಗೆ ಸುತ್ತಳತೆ 40 ಸೆಂ.ಮೀ. ದಾಟಿದ್ದರೆ, ಬಿ.ಪಿ. ಇದ್ದರೆ ಅದನ್ನೂ ಹೇಳಿ. ಅವರು ಸ್ಲೀಪ್ ಸ್ಟಡಿ, ಅಂದರೆ ನಿದ್ದೆಯಲ್ಲಿ ಉಸಿರಾಟ ಅಳೆಯುವ ಪರೀಕ್ಷೆ ಬರೆದುಕೊಡುತ್ತಾರೆ. ವರದಿಯಲ್ಲಿ ಎಎಚ್‌ಐ ಎಂಬ ಸಂಖ್ಯೆ ಇರುತ್ತದೆ. ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ತೀರಾ ಕುಗ್ಗಿತು ಎಂಬ ಲೆಕ್ಕ ಅದು. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, ಅದಕ್ಕೂ ಮೇಲೆ ತೀವ್ರ.

ತೀವ್ರವಿದ್ದವರಿಗೆ ಮೊದಲ ಆಯ್ಕೆ ಸಿಪ್ಯಾಪ್, ಅಂದರೆ ಮುಖವಾಡದ ಮೂಲಕ ಗಾಳಿಯ ಒತ್ತಡ ಕೊಡುವ ಯಂತ್ರ. 1980ರಲ್ಲಿ ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ರೂಪಿಸಿದ ಈ ಉಪಾಯದಷ್ಟು ಎಎಚ್‌ಐ ಇಳಿಸುವ ಶಕ್ತಿ ನಮ್ಮ ಪಟ್ಟಿಗಿಲ್ಲ, ಒಪ್ಪಿಕೊಳ್ಳುತ್ತೇನೆ. ಆದರೆ ಲಾರಿ ಕ್ಯಾಬಿನ್ನಿನಲ್ಲಿ ಮಲಗುವವರು ಅದನ್ನು ಎಲ್ಲಿಗೆ ಸಿಕ್ಕಿಸಬೇಕು? ಮುಖವಾಡ ಕಟ್ಟಿದರೆ ನಿದ್ದೆಯೇ ಬಾರದು ಎನ್ನುವವರೂ ಇದ್ದಾರೆ. ಯಂತ್ರ ಒಗ್ಗದವರಿಗೆ, ಸೌಮ್ಯ–ಮಧ್ಯಮ ಹಂತದವರಿಗೆ, ಬರೀ ಗೊರಕೆ ಇರುವವರಿಗೆ ಪಟ್ಟಿ ಸರಿ.

ಬಾಯಿ ತಪಾಸಣೆ

ಪಟ್ಟಿ ರಾತ್ರಿಯಿಡೀ ಹಲ್ಲನ್ನು ಹಿಡಿದು ಎಳೆಯುತ್ತದೆ. ಮೇಲೆ, ಕೆಳಗೆ ಎಂಟು ಹತ್ತು ಗಟ್ಟಿ ಹಲ್ಲಾದರೂ ಬೇಕು. ವಸಡು ಕಾಯಿಲೆ, ಅಲ್ಲಾಡುವ ಹಲ್ಲು, ಕಿವಿ ಮುಂದಿನ ಕೀಲುನೋವು ಇದ್ದರೆ ಮೊದಲು ಅದರ ಚಿಕಿತ್ಸೆ. ಪೂರ್ತಿ ಹಲ್ಲುಸೆಟ್ ಇರುವವರಿಗೆ ಇದು ನಿಲ್ಲುವುದಿಲ್ಲ. ನಮ್ಮ ಕಡೆಯ ಇನ್ನೊಂದು ಪ್ರಶ್ನೆ ಫ್ಲೋರೈಡ್. ಬಾಗೇಪಲ್ಲಿ, ಪಾವಗಡದ ಕೊಳವೆಬಾವಿ ನೀರು ಕುಡಿದು ಬೆಳೆದವರು “ಕಂದು ಹಲ್ಲಿಗೆ ಆಗುತ್ತಾ?” ಎಂದು ಹಿಂಜರಿಯುತ್ತಾರೆ. ಬಣ್ಣ ಅಡ್ಡಿಯಲ್ಲ. ಎನಾಮೆಲ್ ಗುಳಿಬಿದ್ದು ಉದುರುತ್ತಿದ್ದರೆ ಮೊದಲು ತುಂಬಿಸಿಕೊಳ್ಳಬೇಕು, ಅಷ್ಟೆ.

ಅಳತೆ, ತಿರುಪು, ತಾಳ್ಮೆ

ಎರಡೂ ದವಡೆಯ ಅಚ್ಚು ತೆಗೆದು, ಕೆಳದವಡೆ ಎಷ್ಟು ಮಿಲಿಮೀಟರ್ ಮುಂದೆ ಬರುತ್ತದೆಂದು ಅಳೆಯುತ್ತೇವೆ. ಅದರ ಸುಮಾರು ಅರ್ಧದಿಂದ ಶುರು. ಪಟ್ಟಿಯ ಬದಿಯಲ್ಲಿ ಪುಟ್ಟ ತಿರುಪು ಇರುತ್ತದೆ. ಕೀಲಿ ಹಾಕಿ ತಿರುಗಿಸಿದರೆ ದವಡೆ ಕೂದಲೆಳೆಯಷ್ಟು ಮುಂದೆ. ಹೇಳಿದ ದಿನಕ್ಕೆ ಹೇಳಿದಷ್ಟೇ ತಿರುಗಿಸಿ. ಬೇಗ ವಾಸಿಯಾಗಲಿ ಎಂದು ಒಂದೇ ರಾತ್ರಿ ನಾಲ್ಕು ಸುತ್ತು ತಿರುಗಿಸಿದವರು ಬೆಳಿಗ್ಗೆ ಬಾಯಿ ತೆರೆಯಲಾರದೆ ಫೋನ್ ಮಾಡುತ್ತಾರೆ, ಮಾತೇ ಅರ್ಥವಾಗುವುದಿಲ್ಲ.

ಮೊದಲ ವಾರಗಳಲ್ಲಿ ಜೊಲ್ಲು ಹೆಚ್ಚು, ಕೆಲವರಿಗೆ ಬಾಯಿ ಒಣಗುತ್ತದೆ. ಎದ್ದಕೂಡಲೇ ಹಲ್ಲಿನ ಕಚ್ಚು ಕೂಡುವುದಿಲ್ಲ. ಮುದ್ದೆ ನುಂಗುವವರಿಗೆ ಇದು ತಿಳಿಯುವುದೇ ಇಲ್ಲ, ಕಡಲೆಕಾಯಿ ಅಗಿದಾಗ ಗೊತ್ತಾಗುತ್ತದೆ! ಹತ್ತು ನಿಮಿಷ ಚೂಯಿಂಗ್ ಗಮ್ ಅಗಿದರೆ ದವಡೆ ಜಾಗಕ್ಕೆ ಬರುತ್ತದೆ. ವರ್ಷಗಟ್ಟಲೆ ಹಾಕಿದರೆ ಕಚ್ಚು ಶಾಶ್ವತವಾಗಿ ಕೊಂಚ ಬದಲಾಗಬಹುದು. ಇದನ್ನು ಮೊದಲೇ ಹೇಳದ ವೈದ್ಯರ ಬಳಿ ಮಾಡಿಸಬೇಡಿ.

ತೊಳೆಯಲು ತಣ್ಣೀರು, ಮೆದು ಬ್ರಷ್. ಬಿಸಿನೀರು ಬೇಡ. ನಮ್ಮ ಚಾಲಕರು ಏಪ್ರಿಲ್ ಬಿಸಿಲಲ್ಲಿ ಪಟ್ಟಿಯನ್ನು ಡ್ಯಾಶ್‌ಬೋರ್ಡ್ ಮೇಲಿಟ್ಟು ಊಟಕ್ಕೆ ಹೋಗಿದ್ದರು. ಬಂದು ನೋಡಿದರೆ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಅಚ್ಚಿನಿಂದ ಹೊಸದಾಗಿ ಮಾಡಬೇಕಾಯಿತು.

ಆನ್‌ಲೈನ್‌ನಲ್ಲಿ ಸಿಗುವ, ಬಿಸಿನೀರಿಗೆ ಹಾಕಿ ಕಚ್ಚಿಕೊಳ್ಳುವ ಪಟ್ಟಿಗಳು ಅಗ್ಗ ನಿಜ. ಆದರೆ ಹಿಡಿತ ಸಾಲದು, ಹೊಂದಾಣಿಕೆಯೂ ಅಷ್ಟಕ್ಕಷ್ಟೆ.

ಮತ್ತೆ ಪರೀಕ್ಷೆ

ಎಲ್ಲರೂ ಬಿಡುವ ಹೆಜ್ಜೆ ಇದು. ಚಾಲಕರ ಹೆಂಡತಿ “ಮನೆ ತಣ್ಣಗಾಯ್ತು” ಎಂದು ಖುಷಿಪಟ್ಟರು; ಇವರು ಚಿಕಿತ್ಸೆ ಮುಗಿಯಿತೆಂದುಕೊಂಡರು. ಬಾಯಲ್ಲಿ ಪಟ್ಟಿ ಇಟ್ಟೇ ಎರಡನೇ ಸ್ಲೀಪ್ ಸ್ಟಡಿ ಮಾಡಿಸಿ ಎಂದು ಹಟ ಹಿಡಿದೆ. ಮೊದಲು 27 ಇದ್ದ ಎಎಚ್‌ಐ 16ಕ್ಕೆ ಮಾತ್ರ ಇಳಿದಿತ್ತು. ಸದ್ದು ಹೋಗಿತ್ತು, ಉಸಿರು ನಿಲ್ಲುತ್ತಲೇ ಇತ್ತು. ಇನ್ನೂ ಒಂದೂವರೆ ಮಿಲಿಮೀಟರ್ ಮುಂದೆ ತಂದೆವು, ಸಂಜೆಯ ಕ್ವಾರ್ಟರ್ ಬಿಡಿಸಿದೆವು. ಮೂರನೇ ಪರೀಕ್ಷೆಯಲ್ಲಿ 6. ಈಗ ಆರು ತಿಂಗಳಿಗೊಮ್ಮೆ ಬರುತ್ತಾರೆ, ಮುಂದೆ ವರ್ಷಕ್ಕೊಮ್ಮೆ ಸಾಕು.

ಮೊನ್ನೆ ಇನ್ನೊಂದು ಹಲ್ಲು ತೋರಿಸಲು ಬಂದಿದ್ದರು. ಕುರ್ಚಿ ಒರಗಿಸಿದರೂ ಕಣ್ಣು ಮುಚ್ಚಲಿಲ್ಲ. ಡ್ರಿಲ್ ಇಷ್ಟು ಸದ್ದು ಮಾಡುತ್ತದೆಂದು ಹೋದ ಸಲ ಗೊತ್ತೇ ಆಗಿರಲಿಲ್ಲ ಎಂದು ಗೊಣಗಿದರು.